ಫೈಬ್ರಾಯ್ಡ್‌ಗೆ ಔಷಧ: ಸ್ಕ್ಯಾನಿಂಗ್‌ನ ಅಂಕಿಯನ್ನು ಓದುವುದು ಹೇಗೆ?

ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗೆಡ್ಡೆ ಇರುವ ಹೆಂಗಸಿನ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದ ಕೂಡಲೇ ಮನೆಮಂದಿಯೆಲ್ಲ ಹುಡುಕುವುದು ಒಂದೇ ಸಂಗತಿಯನ್ನು: ಗೆಡ್ಡೆ ಎಷ್ಟು ಸೆಂಟಿಮೀಟರ್ ಇದೆ? ಮೂರು ತಿಂಗಳು ಮಾತ್ರೆ ನುಂಗಿ ಮತ್ತೆ ಸ್ಕ್ಯಾನ್ ಮಾಡಿಸಿದಾಗಲೂ ಅದೇ ಪ್ರಶ್ನೆ: ಇಳಿದಿದೆಯೋ ಇಲ್ಲವೋ? 5.2 ಇದ್ದದ್ದು 5.1 ಆಗಿದ್ದರೆ ಔಷಧ ಕೆಲಸ ಮಾಡಲಿಲ್ಲವೆಂಬ ನಿರಾಸೆ. 5.5 ಆಗಿದ್ದರೆ ಗಾಬರಿ, ಅದರ ಬೆನ್ನಿಗೇ ಆಪರೇಷನ್ ಮಾತು. ಆದರೆ ಅದೇ ಮೂರು ತಿಂಗಳಲ್ಲಿ ಆಕೆಯ ಮುಟ್ಟಿನ ರಕ್ತಸ್ರಾವ ಅರ್ಧಕ್ಕಿಳಿದಿರಬಹುದು, ಹಿಮೋಗ್ಲೋಬಿನ್ 7ರಿಂದ 10ಕ್ಕೆ ಏರಿರಬಹುದು, ಮೆಟ್ಟಿಲು ಹತ್ತುವಾಗ ಬರುತ್ತಿದ್ದ ಏದುಸಿರು ನಿಂತಿರಬಹುದು. ಇದನ್ನು ಯಾವ ಸ್ಕ್ಯಾನಿಂಗ್ ಯಂತ್ರವೂ ಬರೆದುಕೊಡುವುದಿಲ್ಲ.

ಗೆಡ್ಡೆಯ ಅಳತೆ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕು. ಆದರೆ ಯಾವ ಔಷಧವನ್ನು ಯಾವ ಉದ್ದೇಶಕ್ಕೆ ಕೊಟ್ಟಿದ್ದಾರೆ ಎಂಬುದು ಗೊತ್ತಿಲ್ಲದೆ ಆ ಅಳತೆಗೆ ಅರ್ಥ ಬರುವುದಿಲ್ಲ. ಕೆಲವು ಔಷಧಗಳು ಗೆಡ್ಡೆಯನ್ನು ಮುಟ್ಟುವುದೇ ಇಲ್ಲ, ರಕ್ತಸ್ರಾವವನ್ನಷ್ಟೇ ಹಿಡಿಯುತ್ತವೆ. ಕೆಲವು ಗೆಡ್ಡೆಯನ್ನು ಕುಗ್ಗಿಸುತ್ತವೆ, ಆದರೆ ನಿಲ್ಲಿಸಿದ ಮೇಲೆ ಅದು ಮತ್ತೆ ಬೆಳೆಯುತ್ತದೆ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಒಳ್ಳೆಯ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಬಿಡುವ ಅಪಾಯವಿದೆ.

ಗೆಡ್ಡೆ ಬೆಳೆಯುವುದು ಯಾತರಿಂದ?

ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಗೋಡೆಯ ಸ್ನಾಯುವಿನಲ್ಲಿ ಹುಟ್ಟುವ ಗೆಡ್ಡೆ. ಕ್ಯಾನ್ಸರ್ ಅಲ್ಲ. ಪ್ರತಿಯೊಂದು ಗೆಡ್ಡೆಯೂ ಒಂದೇ ಒಂದು ಸ್ನಾಯುಕೋಶದಿಂದ ಶುರುವಾಗಿ ಬೆಳೆದದ್ದು. ಫಿನ್ಲೆಂಡಿನ ಹೆಲ್ಸಿಂಕಿಯ ಸಂಶೋಧಕರು 2011ರಲ್ಲಿ ಪರೀಕ್ಷಿಸಿದ ಗೆಡ್ಡೆಗಳಲ್ಲಿ ಸುಮಾರು ಶೇ 70ರಷ್ಟರಲ್ಲಿ ಮೆಡ್12 ಎಂಬ ಒಂದೇ ಜೀನ್‌ನಲ್ಲಿ ಬದಲಾವಣೆ ಕಂಡುಬಂತು. ಇದು ಹೆಚ್ಚಿನವರಲ್ಲಿ ಆ ಗೆಡ್ಡೆಯೊಳಗೇ ಆದ ಬದಲಾವಣೆ. ತಾಯಿಯಿಂದ ಬಂದದ್ದಲ್ಲ, ತಿಂದದ್ದರಿಂದ ಬಂದದ್ದೂ ಅಲ್ಲ. ಗೆಡ್ಡೆ ಎಷ್ಟು ಸಾಮಾನ್ಯವೆಂದರೆ, 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಐವತ್ತು ವರ್ಷ ತುಂಬುವ ಹೊತ್ತಿಗೆ ಬಿಳಿಯ ಮಹಿಳೆಯರಲ್ಲಿ ಶೇ 70ರ ಆಸುಪಾಸು, ಕಪ್ಪು ಮಹಿಳೆಯರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಗೆಡ್ಡೆ ಇರುತ್ತದೆಂದು ಅಂದಾಜಿಸಿತು. ಇವರಲ್ಲಿ ಬಹಳ ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. ತೊಂದರೆ ಇಲ್ಲದ ಗೆಡ್ಡೆಗೆ ಸಾಮಾನ್ಯವಾಗಿ ಔಷಧವೂ ಬೇಕಿಲ್ಲ.

ಹುಟ್ಟಿದ ಗೆಡ್ಡೆಯನ್ನು ಬೆಳೆಸುವುದು ಅಂಡಾಶಯ ಸುರಿಸುವ ಎರಡು ಹಾರ್ಮೋನುಗಳು, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರಾನ್. ಮೊದಲೆಲ್ಲ ಈಸ್ಟ್ರೋಜನ್ ಒಂದನ್ನೇ ದೂರುತ್ತಿದ್ದರು. ಈಗ ತಿಳಿದಿರುವಂತೆ ಈಸ್ಟ್ರೋಜನ್ ನೆಲ ಹದ ಮಾಡಿಕೊಡುತ್ತದೆ, ಕೋಶಗಳನ್ನು ಹೆಚ್ಚಿಸುವ ಕೆಲಸವನ್ನು ಬಹುಮಟ್ಟಿಗೆ ಪ್ರೊಜೆಸ್ಟೆರಾನ್ ಮಾಡುತ್ತದೆ. ಮುಟ್ಟು ಶುರುವಾಗುವ ಮುಂಚೆ ಗೆಡ್ಡೆ ಕಾಣಿಸಿಕೊಳ್ಳದಿರುವುದು, ಮುಟ್ಟು ನಿಂತ ಮೇಲೆ ಕುಗ್ಗುವುದು, ಎರಡಕ್ಕೂ ಇದೇ ಕಾರಣ. ಗೆಡ್ಡೆಯನ್ನು ಕುಗ್ಗಿಸುವ ಔಷಧಗಳೂ ಈ ಎರಡು ಹಾರ್ಮೋನುಗಳ ದಾರಿಗೇ ಅಡ್ಡ ನಿಲ್ಲುತ್ತವೆ.

ಇನ್ನೊಂದು ವಿಷಯ ಇಲ್ಲಿಯೇ ತಿಳಿದಿರಲಿ. ಗೆಡ್ಡೆಯ ತುಂಬ ಇರುವುದು ಸ್ನಾಯುಕೋಶಗಳಷ್ಟೇ ಅಲ್ಲ. ಕೋಶಗಳ ನಡುವೆ ಕೊಲಾಜನ್ ಎಂಬ ಗಟ್ಟಿ ನಾರು ಹೇರಳವಾಗಿ ತುಂಬಿಕೊಂಡಿರುತ್ತದೆ. ಔಷಧ ಕೋಶಗಳನ್ನು ಕುಗ್ಗಿಸಬಲ್ಲದು, ಗೆಡ್ಡೆಗೆ ಹರಿಯುವ ರಕ್ತವನ್ನು ಕಡಿಮೆ ಮಾಡಬಲ್ಲದು. ಆದರೆ ವರ್ಷಗಟ್ಟಲೆ ಕೂಡಿಕೊಂಡ ನಾರನ್ನು ಕರಗಿಸುವುದು ಸುಲಭವಲ್ಲ. ಹಾಗಾಗಿ ಫೈಬ್ರಾಯ್ಡ್ ಅನ್ನು ಪೂರ್ತಿ ಕರಗಿಸಿ ಮತ್ತೆಂದೂ ಬಾರದಂತೆ ಮಾಡುವ ಔಷಧ ಇವತ್ತಿಗೂ ಇಲ್ಲ. ಹಾಗೆ ಹೇಳಿಕೊಂಡು ಮಾರುವ ಯಾವ ಸೀಸೆಯನ್ನೂ ನಂಬಬೇಡಿ.

ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು

ಗರ್ಭಕೋಶದ ಒಳಪೊರೆಗೆ ತಾಗಿ ಒಳಗಿನ ಪೊಳ್ಳಿನೊಳಕ್ಕೆ ಉಬ್ಬಿದ ಗೆಡ್ಡೆ ಸಬ್‌ಮ್ಯೂಕಸ್. ಗೋಡೆಯ ದಪ್ಪದೊಳಗೇ ಇರುವುದು ಇಂಟ್ರಾಮ್ಯೂರಲ್. ಹೊರಮೈಗೆ ಉಬ್ಬಿದ್ದು ಸಬ್‌ಸೀರಸ್. ರಿಪೋರ್ಟಿನಲ್ಲಿ ಈ ಹೆಸರುಗಳು ಇದ್ದೇ ಇರುತ್ತವೆ. ಕೆಲವರು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋ ಗೊತ್ತುಮಾಡಿದ 0ಯಿಂದ 8ರವರೆಗಿನ ಸಂಖ್ಯೆಯನ್ನೂ ಬರೆಯುತ್ತಾರೆ: 0 ಎಂದರೆ ಪೊಳ್ಳಿನೊಳಗೆ ತೊಟ್ಟಿನಿಂದ ತೂಗುವ ಗೆಡ್ಡೆ, 7 ಎಂದರೆ ಹೊರಗೆ ತೊಟ್ಟಿನಿಂದ ತೂಗುವುದು, 8 ಎಂದರೆ ಗರ್ಭಕೊರಳಿನಂಥ ಬೇರೆ ಜಾಗದ್ದು. ಒಳಪೊರೆಯ ಕೆಳಗಿನ ಎರಡು ಸೆಂಟಿಮೀಟರ್ ಗೆಡ್ಡೆ ತಿಂಗಳು ತಿಂಗಳೂ ಹಾಸಿಗೆ ನೆನೆಯುವಷ್ಟು ರಕ್ತ ಸುರಿಸಬಹುದು. ಹೊರಮೈಯ ಏಳು ಸೆಂಟಿಮೀಟರ್ ಗೆಡ್ಡೆ ಸುಮ್ಮನೆ ಕೂತಿರಬಹುದು, ಹೆಚ್ಚೆಂದರೆ ಮೂತ್ರಕೋಶವನ್ನು ಒತ್ತಿ ಪದೇಪದೇ ಮೂತ್ರಕ್ಕೆ ಎಬ್ಬಿಸಬಹುದು.

ಔಷಧದ ಆಯ್ಕೆಯೂ ಇದರ ಮೇಲೆ ನಿಂತಿದೆ. ಒಳಪೊಳ್ಳಿನಲ್ಲಿ ಕುಳಿತ ಗೆಡ್ಡೆಗೆ ವರ್ಷಗಟ್ಟಲೆ ಮಾತ್ರೆ ತಿನ್ನುವುದಕ್ಕಿಂತ, ಹೊಟ್ಟೆ ಕೊಯ್ಯದೆ ಯೋನಿಯ ಮೂಲಕವೇ ದುರ್ಬೀನು ಹಾಕಿ ಹಿಸ್ಟೆರೋಸ್ಕೋಪಿಯಲ್ಲಿ ತೆಗೆಯುವುದು ಎಷ್ಟೋ ಸಲ ಒಳ್ಳೆಯದು.

ಅಲ್ಟ್ರಾಸೌಂಡ್ ಕಾಣುವುದೇನು, ಅಳೆಯುವುದೇನು?

ಹೆರಿಗೆ-ಸ್ತ್ರೀರೋಗ ವಿಭಾಗಕ್ಕೆ ಅಲ್ಟ್ರಾಸೌಂಡ್ ಬಂದದ್ದರಲ್ಲೇ ಫೈಬ್ರಾಯ್ಡ್‌ಗೆ ಪಾಲಿದೆ. 1955ರ ಜುಲೈನಲ್ಲಿ ಗ್ಲಾಸ್ಗೋದ ಸ್ತ್ರೀರೋಗ ತಜ್ಞ ಇಯಾನ್ ಡೊನಾಲ್ಡ್, ಆಪರೇಷನ್‌ನಲ್ಲಿ ತೆಗೆದ ಫೈಬ್ರಾಯ್ಡ್‌ಗಳನ್ನೂ ಅಂಡಾಶಯದ ನೀರುಗುಳ್ಳೆಗಳನ್ನೂ ಕಾರಿನಲ್ಲಿ ತುಂಬಿಕೊಂಡು ಹತ್ತಿರದ ರೆನ್‌ಫ್ರೂ ಊರಿನ ಬಾಯ್ಲರ್ ಕಾರ್ಖಾನೆಗೆ ಹೋದರು. ಲೋಹದ ಬೆಸುಗೆಯಲ್ಲಿ ಬಿರುಕು ಹುಡುಕಲು ಅಲ್ಲಿ ಬಳಸುತ್ತಿದ್ದ ಶಬ್ದತರಂಗದ ಯಂತ್ರವನ್ನು ಇವುಗಳ ಮೇಲಿಟ್ಟು ನೋಡಿದರು. ನೀರುಗುಳ್ಳೆಯೊಳಗೆ ತರಂಗ ಸಲೀಸಾಗಿ ದಾಟಿತು. ಫೈಬ್ರಾಯ್ಡ್‌ನೊಳಗೆ ಹೋಗುತ್ತಾ ಹೋಗುತ್ತಾ ಕುಂದಿತು. ಇವತ್ತಿನ ಸ್ಕ್ಯಾನಿಂಗ್ ಕೋಣೆಯಲ್ಲಿ ವೈದ್ಯರು ನೋಡುವುದೂ ಇದನ್ನೇ: ಅಂಚು ಸ್ಪಷ್ಟವಾಗಿರುವ, ಸುತ್ತಲಿನ ಗೋಡೆಗಿಂತ ಕಪ್ಪಾಗಿ ಕಾಣುವ ದುಂಡನೆಯ ಗೆಡ್ಡೆ, ಅದರ ಹಿಂದೆ ಬೀಳುವ ನೆರಳಿನ ಪಟ್ಟಿಗಳು. ಕಲರ್ ಡಾಪ್ಲರ್ ಹಾಕಿದರೆ ಗೆಡ್ಡೆಯ ಸುತ್ತ ಬಳೆಯಂತೆ ಹರಿಯುವ ರಕ್ತ ಕಾಣುತ್ತದೆ.

ಗೆಡ್ಡೆಯ ಮೊದಲ ಪರೀಕ್ಷೆಗೂ ನಂತರದ ನಿಗಾಕ್ಕೂ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಒಳ್ಳೆಯದು. ಅದನ್ನು ಟಿವಿಎಸ್ ಎನ್ನುತ್ತಾರೆ. ಸಲಾಕೆ ಗರ್ಭಕೋಶಕ್ಕೆ ತೀರಾ ಹತ್ತಿರ ಇರುವುದರಿಂದ ಚಿತ್ರ ನಿಚ್ಚಳವಾಗಿರುತ್ತದೆ, ಮೂತ್ರಕೋಶ ಖಾಲಿ ಇದ್ದರೆ ಸಾಕು. ಹೊಕ್ಕುಳ ಮಟ್ಟಕ್ಕೆ ಬೆಳೆದ ದೊಡ್ಡ ಗೆಡ್ಡೆ ಅದರ ನೋಟಕ್ಕೆ ಸಿಗದು; ಆಗ ಮೂತ್ರ ಕಟ್ಟಿಕೊಂಡು ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್ ಬೇಕು. ಮದುವೆಯಾಗದ ಹೆಣ್ಣುಮಕ್ಕಳಿಗೂ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಮಾಡುತ್ತಾರೆ. ಗೆಡ್ಡೆ ಒಳಪೊಳ್ಳಿಗೆ ಎಷ್ಟು ಚಾಚಿದೆ ಎಂದು ಅನುಮಾನ ಬಂದರೆ ಗರ್ಭಕೋಶದೊಳಗೆ ಸಲೈನ್ ಬಿಟ್ಟು ಸ್ಕ್ಯಾನ್ ಮಾಡುವ ವಿಧಾನವಿದೆ.

ಈಗ ಅಳತೆಯ ಲೆಕ್ಕ. ಇದನ್ನು ನಿಧಾನವಾಗಿ ಓದಿ, ಅರ್ಧ ಗೊಂದಲ ಇಲ್ಲಿಯೇ ಬಗೆಹರಿಯುತ್ತದೆ. ಗೆಡ್ಡೆಯನ್ನು ಉದ್ದ, ಅಗಲ, ದಪ್ಪ ಎಂದು ಮೂರು ದಿಕ್ಕಿನಲ್ಲಿ ಅಳೆದು, ಮೂರನ್ನೂ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿದರೆ ಗೆಡ್ಡೆಯ ಗಾತ್ರ ಮಿಲಿಲೀಟರ್‌ನಲ್ಲಿ ಸಿಗುತ್ತದೆ. 6, 5, 4 ಸೆಂಟಿಮೀಟರ್ ಇದ್ದರೆ 120, ಅದನ್ನು 0.52ರಿಂದ ಗುಣಿಸಿದರೆ ಸುಮಾರು 62 ಮಿಲಿಲೀಟರ್. ಔಷಧಗಳ ಪ್ರಯೋಗಗಳಲ್ಲಿ "ಗೆಡ್ಡೆ ಇಷ್ಟು ಪ್ರತಿಶತ ಇಳಿಯಿತು" ಎಂದು ಸಾಮಾನ್ಯವಾಗಿ ಬರೆಯುವುದು ಈ ಗಾತ್ರದ ಲೆಕ್ಕದಲ್ಲಿ, ಸೆಂಟಿಮೀಟರ್ ಲೆಕ್ಕದಲ್ಲಿ ಅಲ್ಲ. ಇವೆರಡರ ನಡುವಿನ ಅಂತರ ದೊಡ್ಡದು. ಆರು ಸೆಂಟಿಮೀಟರಿನ ದುಂಡು ಗೆಡ್ಡೆಯ ಗಾತ್ರ ಸರಿಯಾಗಿ ಅರ್ಧಕ್ಕಿಳಿದರೆ ಅದರ ಅಡ್ಡಳತೆ ಮೂರು ಸೆಂಟಿಮೀಟರ್ ಆಗುವುದಿಲ್ಲ, 4.8ರ ಹತ್ತಿರ ಇರುತ್ತದೆ. ರಿಪೋರ್ಟಿನಲ್ಲಿ "6 ಇದ್ದದ್ದು 4.8" ಎಂದು ಓದಿ ಬರೀ ಒಂದೂಕಾಲು ಸೆಂಟಿಮೀಟರ್ ಇಳಿಯಿತಲ್ಲ ಎಂದು ಬೇಸರಪಡುವವರಿಗೆ ಔಷಧ ಗೆಡ್ಡೆಯ ಅರ್ಧವನ್ನು ಕಳೆದಿದೆ ಎಂಬುದು ಗೊತ್ತೇ ಆಗಿರುವುದಿಲ್ಲ.

ಇದೇ ಲೆಕ್ಕ ತಿರುಗುಮುರುಗಾಗಿಯೂ ಕಾಡುತ್ತದೆ. ಒಬ್ಬರು 5.0 ಎಂದು ಅಳೆದದ್ದನ್ನು ಇನ್ನೊಬ್ಬರು ಇನ್ನೊಂದು ಯಂತ್ರದಲ್ಲಿ 5.5 ಎಂದು ಅಳೆಯುವುದು ಸಾಮಾನ್ಯ. ಸಲಾಕೆಯ ಕೋನ ಸ್ವಲ್ಪ ತಿರುಗಿದರೂ, ಗೆಡ್ಡೆಯ ಅಂಚು ನೆರಳಿನಲ್ಲಿ ಮುಚ್ಚಿದರೂ ಅಷ್ಟು ವ್ಯತ್ಯಾಸ ಬರುತ್ತದೆ. ಆದರೆ ಮೂರೂ ದಿಕ್ಕಿನಲ್ಲಿ ಆ ಅರ್ಧ ಸೆಂಟಿಮೀಟರ್ ಕೂಡಿದರೆ ಗಾತ್ರ ಮೂರನೇ ಒಂದರಷ್ಟು ಹೆಚ್ಚಾದಂತೆ ತೋರುತ್ತದೆ. ಗೆಡ್ಡೆ ಒಂದಿಷ್ಟೂ ಬೆಳೆದಿರುವುದಿಲ್ಲ. ಆದ್ದರಿಂದ ಔಷಧ ಶುರುಮಾಡುವ ಮುನ್ನ ಒಂದು ಪಕ್ಕಾ ಸ್ಕ್ಯಾನ್ ಆಗಲಿ, ಆಮೇಲಿನ ಸ್ಕ್ಯಾನ್‌ಗಳೂ ಆದಷ್ಟು ಅದೇ ಸೆಂಟರಿನಲ್ಲಿ, ಅದೇ ವಿಧಾನದಲ್ಲಿ, ಮುಟ್ಟು ಬರುತ್ತಿದ್ದರೆ ಮುಟ್ಟು ಮುಗಿದ ಮೊದಲ ದಿನಗಳಲ್ಲೇ ಆಗಲಿ. ಒಳಪೊರೆ ಆಗ ತೆಳ್ಳಗಿರುವುದರಿಂದ ಗೆಡ್ಡೆಯ ಗಡಿ ಸುಲಭವಾಗಿ ಕಾಣುತ್ತದೆ. ನಾಲ್ಕೈದು ಗೆಡ್ಡೆಗಳಿದ್ದರೆ ಯಾವುದು ಎಲ್ಲಿದೆ ಎಂದು ನಕ್ಷೆಯಂತೆ ಗುರುತಿಸಿ ಬರೆಯುವಂತೆ ಕೇಳಿಕೊಳ್ಳಿ. ಹಿಂದಿನ ಸಲ ಹಿಂಗೋಡೆಯದನ್ನು ಅಳೆದು ಈ ಸಲ ಮುಂಗೋಡೆಯದನ್ನು ಅಳೆದರೆ ಹೋಲಿಕೆಯೇ ಸುಳ್ಳು.

ಔಷಧವಿಲ್ಲದೆಯೂ ಗೆಡ್ಡೆಗಳು ಒಂದೇ ಸಮನೆ ಇರುವುದಿಲ್ಲ. ಅಮೆರಿಕದಲ್ಲಿ 72 ಮಹಿಳೆಯರ 262 ಗೆಡ್ಡೆಗಳನ್ನು ಎಂಆರ್‌ಐನಲ್ಲಿ ಅಳೆಯುತ್ತಾ ಹೋದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೆ ಬೆಳವಣಿಗೆಯ ನಡುಮಟ್ಟ (ಮೀಡಿಯನ್) ಶೇ 9. ಆದರೆ ಒಂದು ಗೆಡ್ಡೆ ಶೇ 89ರಷ್ಟು ಕುಗ್ಗಿತ್ತು, ಇನ್ನೊಂದು ಶೇ 138ರಷ್ಟು ಬೆಳೆದಿತ್ತು. ಒಬ್ಬಳೇ ಹೆಂಗಸಿನ ಗರ್ಭಕೋಶದೊಳಗೂ ಒಂದು ಬೆಳೆಯುತ್ತಿದ್ದರೆ ಪಕ್ಕದ್ದು ಇಳಿಯುತ್ತಿತ್ತು. ಯಾವುದೋ ಕಷಾಯ ಕುಡಿದು ಒಬ್ಬರ ಗೆಡ್ಡೆ ಕರಗಿತಂತೆ ಎಂಬ ಸುದ್ದಿ ಕೇಳಿದಾಗ ಈ ಅಂಕಿಗಳು ನೆನಪಿರಲಿ. ಹೇಳಿದವರು ಸುಳ್ಳಾಡುತ್ತಿರುವುದಿಲ್ಲ, ಕೆಲವು ಗೆಡ್ಡೆಗಳು ತಾವಾಗಿಯೇ ಇಳಿಯುತ್ತವೆ, ಅಷ್ಟೇ.

ಗೆಡ್ಡೆ ಇಳಿಸದೆ ರಕ್ತಸ್ರಾವ ಹಿಡಿಯುವ ಔಷಧಗಳು

ಮೊದಲು ಬರೆಯುವುದು ಬಹುತೇಕ ಟ್ರಾನೆಕ್ಸಮಿಕ್ ಆಸಿಡ್. ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ 1962ರಲ್ಲಿ ಪ್ರಕಟಿಸಿದ ಔಷಧವಿದು. ಹೆಪ್ಪುಗಟ್ಟಿದ ರಕ್ತ ಬೇಗ ಕರಗದಂತೆ ತಡೆಯುತ್ತದೆ. ಹಾರ್ಮೋನ್ ಅಲ್ಲ. ರಕ್ತಸ್ರಾವ ಜೋರಾಗಿರುವ ನಾಲ್ಕೈದು ದಿನ ಮಾತ್ರ ನುಂಗಿದರೆ ಸಾಕು. ಸ್ರಾವ ಸುಮಾರು ಶೇ 40ರಷ್ಟು ತಗ್ಗುತ್ತದೆ. ಕಾಲಿನ ರಕ್ತನಾಳದಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು ಇದನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ತಿನ್ನಬಾರದು. ಹೊಟ್ಟೆನೋವಿಗೆ ಕೊಡುವ ಮೆಫೆನಮಿಕ್ ಆಸಿಡ್ ಕೂಡ ಸ್ರಾವವನ್ನು ಸ್ವಲ್ಪ ಇಳಿಸುತ್ತದೆ. ನಾರೆಥಿಸ್ಟೆರಾನ್‌ನಂಥ ಪ್ರೊಜೆಸ್ಟೆರಾನ್ ಬಗೆಯ ಮಾತ್ರೆಗಳು, ಗರ್ಭನಿರೋಧಕ ಮಾತ್ರೆಗಳು ಒಳಪೊರೆಯನ್ನು ತೆಳ್ಳಗೆ ಇರಿಸಿ ಸ್ರಾವ ಕಡಿಮೆ ಮಾಡುತ್ತವೆ.

ಇವೆಲ್ಲಕ್ಕಿಂತ ದೀರ್ಘಕಾಲ ಕೆಲಸ ಮಾಡುವುದು ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನ್ ಸಾಧನ. ನಮ್ಮಲ್ಲಿ ಮಿರೆನಾ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತ. ಅದರಲ್ಲಿರುವ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಿಂದ ಶುರುವಾಗಿ ವರ್ಷಗಟ್ಟಲೆ ಒಸರುತ್ತದೆ. ಮೊದಲ ಕೆಲವು ತಿಂಗಳು ಹನಿಹನಿ ರಕ್ತ ಕಾಣಿಸಿಕೊಂಡು ಕಿರಿಕಿರಿ ಮಾಡುತ್ತದೆ. ಅಷ್ಟಕ್ಕೇ ತೆಗೆಸಿಬಿಡುವವರು ಅದರ ಪ್ರಯೋಜನ ಸಿಗುವ ಮುಂಚೆಯೇ ಕೈಬಿಟ್ಟಂತೆ. ಇಲ್ಲಿ ಸ್ಕ್ಯಾನಿಂಗ್‌ನ ಪಾತ್ರ ಬೇರೆ: ಹಾಕುವ ಮುಂಚೆ ಒಳಪೊಳ್ಳನ್ನು ಗೆಡ್ಡೆ ಸೊಟ್ಟಗೆ ಮಾಡಿದೆಯೇ ಎಂದು ನೋಡಬೇಕು, ಏಕೆಂದರೆ ಹಾಗಿದ್ದಲ್ಲಿ ಸಾಧನ ತಾನಾಗಿ ಜಾರಿ ಹೊರಬೀಳುವ ಸಾಧ್ಯತೆ ಹೆಚ್ಚು. ಹಾಕಿದ ಮೇಲೆ ಅದು ಇರಬೇಕಾದ ಜಾಗದಲ್ಲಿದೆಯೇ ಎಂದು ನೋಡಬೇಕು. ಗೆಡ್ಡೆಯ ಸೆಂಟಿಮೀಟರ್ ಇಲ್ಲಿ ಫಲಿತಾಂಶವೇ ಅಲ್ಲ.

ಈ ಗುಂಪಿನ ಔಷಧ ತೆಗೆದುಕೊಳ್ಳುವವರಿಗೆ ಚಿಕಿತ್ಸೆಯ ಅಳತೆಗೋಲು ಎಂದರೆ ಹಿಮೋಗ್ಲೋಬಿನ್, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮತ್ತು ಎಷ್ಟು ಪ್ಯಾಡ್ ಬದಲಾಯಿಸಿದೆ, ಎಷ್ಟು ದಿನ ಸ್ರಾವವಾಯಿತು, ಗಂಟುಗಂಟಾಗಿ ಹೋಯಿತೇ ಎಂದು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡ ಲೆಕ್ಕ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರ್‌ಗಿಂತ ಹೆಚ್ಚು ಹೋದರೆ ಅದು ಅಧಿಕ ರಕ್ತಸ್ರಾವ ಎಂಬುದು ಅಧ್ಯಯನಗಳಲ್ಲಿ ಬಳಸುವ ಗಡಿ. ಮನೆಯಲ್ಲಿ ಮಿಲಿಲೀಟರ್ ಅಳೆಯಲಾಗದು. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತೊಯ್ದರೆ, ರಾತ್ರಿ ಎದ್ದು ಬದಲಿಸಬೇಕಾದರೆ ಅದು ಹೆಚ್ಚೇ.

ಕಬ್ಬಿಣದ ಮಾತನ್ನು ಬಿಟ್ಟರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57, ಕರ್ನಾಟಕದವರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಮೊದಲೇ ಬರಿದಾದ ದೇಹದಿಂದ ಗೆಡ್ಡೆ ಪ್ರತಿ ತಿಂಗಳೂ ರಕ್ತ ಸೋರಿಸಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಗೆಡ್ಡೆಗೆ ಯಾವ ಔಷಧವನ್ನೇ ಕೊಡಲಿ, ಜೊತೆಯಲ್ಲಿ ಕಬ್ಬಿಣ ಇರಬೇಕು. ಮಾತ್ರೆಯನ್ನು ಕಾಫಿ, ಚಹಾದ ಜೊತೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ. ಒಂದೆರಡು ಗಂಟೆ ಅಂತರವಿರಲಿ. ಮಾತ್ರೆ ಒಗ್ಗದವರಿಗೆ, ಆಪರೇಷನ್ ಹತ್ತಿರವಿರುವವರಿಗೆ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ.

ಗೆಡ್ಡೆಯನ್ನೇ ಕುಗ್ಗಿಸುವ ಔಷಧಗಳು

ಮಿದುಳಿನ ತಳದ ಹೈಪೊಥಲಾಮಸ್ ಗಂಟೆ ಒಂದೂವರೆ ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಚಿಮ್ಮಿಸುತ್ತದೆ. ಅದು ಪಿಟ್ಯುಟರಿ ಗ್ರಂಥಿಗೆ ತಲುಪುತ್ತದೆ, ಪಿಟ್ಯುಟರಿ ಅಂಡಾಶಯವನ್ನು ಎಚ್ಚರಿಸುತ್ತದೆ, ಅಂಡಾಶಯ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಸುರಿಸುತ್ತದೆ. ಈ ಹಾರ್ಮೋನಿನ ರಚನೆ 1971ರಲ್ಲಿ ಗೊತ್ತಾಯಿತು. ಮಿದುಳಿನ ಇಂಥ ಹಾರ್ಮೋನುಗಳ ಶೋಧಕ್ಕಾಗಿ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲೆಮಿನ್ 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಮರುವರ್ಷವೇ ಅಮೆರಿಕದ ಅರ್ನ್‌ಸ್ಟ್ ನೋಬಿಲ್ ಮತ್ತು ಸಂಗಡಿಗರು ಕೋತಿಗಳಲ್ಲಿ ವಿಚಿತ್ರವೊಂದನ್ನು ತೋರಿಸಿದರು: ಇದೇ ಹಾರ್ಮೋನನ್ನು ಗಂಟೆಗೊಮ್ಮೆ ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡುತ್ತದೆ, ಬಿಡುವಿಲ್ಲದೆ ಹರಿಸಿದರೆ ಸುಮ್ಮನಾಗುತ್ತದೆ. ಆಗಾಗ ಬಾಗಿಲು ತಟ್ಟಿದರೆ ತೆರೆಯುವವರು ಹಗಲೂರಾತ್ರಿ ಬಡಿಯುತ್ತಲೇ ಇದ್ದರೆ ಕಿವಿ ಮುಚ್ಚಿಕೊಂಡು ಕೂರುವ ಹಾಗೆ.

ಲ್ಯುಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್ ಇಂಜೆಕ್ಷನ್‌ಗಳು ಮಾಡುವುದು ಇದನ್ನೇ. ತಿಂಗಳಿಗೊಂದು ಇಂಜೆಕ್ಷನ್, ಲ್ಯುಪ್ರೊಲೈಡ್‌ನಲ್ಲಿ ತಿಂಗಳಿಗೆ 3.75 ಮಿಲಿಗ್ರಾಂ, ಇಲ್ಲವೇ ಮೂರು ತಿಂಗಳಿಗೊಮ್ಮೆ 11.25 ಮಿಲಿಗ್ರಾಂ. ಮೊದಲ ಒಂದೆರಡು ವಾರ ಹಾರ್ಮೋನ್ ಏರುವುದರಿಂದ ಒಮ್ಮೆ ಜೋರಾಗಿ ರಕ್ತ ಹೋಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಯಾರೇ ಆದರೂ ಹೆದರುತ್ತಾರೆ. ಆಮೇಲೆ ಮುಟ್ಟು ನಿಲ್ಲುತ್ತದೆ. ಮೂರು ತಿಂಗಳಲ್ಲಿ ಗೆಡ್ಡೆಯ ಗಾತ್ರ ಮೂರನೇ ಒಂದರಿಂದ ಅರ್ಧದವರೆಗೆ ಇಳಿಯುತ್ತದೆ, ಆ ನಂತರ ಹೆಚ್ಚೇನೂ ಇಳಿಯುವುದಿಲ್ಲ. ಸ್ಕ್ಯಾನಿಂಗ್‌ನ ಅಂಕಿಗೆ ನಿಜವಾದ ಬೆಲೆ ಇರುವುದು ಇಲ್ಲಿ. ಡಾಪ್ಲರ್‌ನಲ್ಲಿ ಗರ್ಭಕೋಶದ ರಕ್ತನಾಳಗಳ ಹರಿವು ಕುಂದಿರುವುದೂ ಕಾಣುತ್ತದೆ. ಆಪರೇಷನ್‌ಗೆ ಮೊದಲು ಹಿಮೋಗ್ಲೋಬಿನ್ ಏರಿಸಿಕೊಳ್ಳಲು, ಗೆಡ್ಡೆ ಚಿಕ್ಕದಾಗಿಸಿ ಕೊಯ್ತವನ್ನು ಚಿಕ್ಕದಾಗಿಸಲು ಈ ಔಷಧ ಉಪಕಾರಿ. ಒಂದು ತೊಡಕೂ ಇದೆ. ತೀರಾ ಸಣ್ಣ ಗೆಡ್ಡೆಗಳು ಕುಗ್ಗಿ ಕಣ್ಣಿಗೂ ಸ್ಕ್ಯಾನಿಗೂ ಸಿಗದೆ ಒಳಗೇ ಉಳಿಯಬಹುದು, ಮುಂದೆ ಮತ್ತೆ ಬೆಳೆಯಬಹುದು. ಅದಕ್ಕೇ ಇಂಜೆಕ್ಷನ್‌ಗೆ ಮುಂಚಿನ ನಕ್ಷೆ ಅಷ್ಟು ಮುಖ್ಯ.

ಔಷಧ ನಿಲ್ಲಿಸಿದರೆ ಮುಟ್ಟು ಮರಳುತ್ತದೆ, ಕೆಲವೇ ತಿಂಗಳಲ್ಲಿ ಗೆಡ್ಡೆ ಬಹುಪಾಲು ಹಳೆಯ ಗಾತ್ರಕ್ಕೆ ಬರುತ್ತದೆ. ಬಿಡದೆ ಮುಂದುವರಿಸೋಣವೆಂದರೆ ಈಸ್ಟ್ರೋಜನ್ ಇಲ್ಲದೆ ಮೈ ಬಿಸಿಯೇರಿ ಬೆವರುತ್ತದೆ, ನಿದ್ದೆ ಕೆಡುತ್ತದೆ, ಆರು ತಿಂಗಳು ದಾಟಿದರೆ ಮೂಳೆ ಸವೆಯುತ್ತದೆ. ಈ ಗಂಟನ್ನು ಸಡಿಲಿಸುವ ಆಲೋಚನೆಯನ್ನು ಅಮೆರಿಕದ ತಜ್ಞ ರಾಬರ್ಟ್ ಬಾರ್ಬಿಯೆರಿ 1992ರಲ್ಲಿ ಮುಂದಿಟ್ಟರು: ಮೂಳೆ ಉಳಿಸಲು ಬೇಕಾಗುವ ಈಸ್ಟ್ರೋಜನ್, ಇಂಥ ರೋಗಗಳು ಬೆಳೆಯಲು ಬೇಕಾಗುವುದಕ್ಕಿಂತ ಕಡಿಮೆ. ಹಾಗಾದರೆ ಅಂಡಾಶಯವನ್ನು ಮಲಗಿಸಿ, ಹೊರಗಿನಿಂದ ಸ್ವಲ್ಪವೇ ಹಾರ್ಮೋನ್ ಕೊಟ್ಟರೆ ಎರಡೂ ಕೆಲಸ ಆದೀತು.

ಇತ್ತೀಚಿನ ಬಾಯಿ ಮಾತ್ರೆಗಳು ಆ ಆಲೋಚನೆಯ ಮೇಲೇ ನಿಂತಿವೆ. ರೆಲುಗೊಲಿಕ್ಸ್, ಎಲಾಗೊಲಿಕ್ಸ್, ಲಿಂಜಾಗೊಲಿಕ್ಸ್ ಪಿಟ್ಯುಟರಿಯನ್ನು ನೇರವಾಗಿ ತಡೆಯುತ್ತವೆ, ಮೊದಲ ವಾರದ ಏರಿಕೆ ಇಲ್ಲ. ಅಮೆರಿಕದಲ್ಲಿ ಎಲಾಗೊಲಿಕ್ಸ್ ಸಂಯೋಜನೆಗೆ 2020ರಲ್ಲಿ, ರೆಲುಗೊಲಿಕ್ಸ್ 40 ಮಿಲಿಗ್ರಾಂ ಜೊತೆ ಸ್ವಲ್ಪ ಈಸ್ಟ್ರಡಿಯಾಲ್ ಮತ್ತು ನಾರೆಥಿಸ್ಟೆರಾನ್ ಕೂಡಿಸಿದ ದಿನಕ್ಕೊಂದು ಮಾತ್ರೆಗೆ 2021ರಲ್ಲಿ ಅನುಮತಿ ಸಿಕ್ಕಿತು. ಮೂಳೆಯ ಕಾರಣಕ್ಕೆ ಅಲ್ಲಿ ಎರಡು ವರ್ಷದ ಮಿತಿ ಇದೆ. ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ, 35 ದಾಟಿ ಧೂಮಪಾನ ಮಾಡುವವರಿಗೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರಿಗೆ ಇದು ಸಲ್ಲದು.

ರೆಲುಗೊಲಿಕ್ಸ್‌ನ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ನನ್ನ ಮಾತಿಗೆ ಅತ್ಯುತ್ತಮ ಸಾಕ್ಷಿ. ಲಿಬರ್ಟಿ ಎಂಬ ಹೆಸರಿನ ಈ ಪ್ರಯೋಗಗಳಲ್ಲಿ 24 ವಾರದ ನಂತರ ರಕ್ತಸ್ರಾವ 80 ಮಿಲಿಲೀಟರ್‌ಗಿಂತ ಕೆಳಗಿಳಿದು ಮೊದಲಿದ್ದುದರ ಅರ್ಧಕ್ಕೂ ಕಡಿಮೆಯಾದವರು ಶೇ 73 ಮತ್ತು ಶೇ 71. ಹುಸಿ ಮಾತ್ರೆ ನುಂಗಿದವರಲ್ಲಿ ಶೇ 19 ಮತ್ತು ಶೇ 15. ನೋವು ಇಳಿಯಿತು, ರಕ್ತಹೀನತೆ ಸುಧಾರಿಸಿತು. ಆದರೆ ಗೆಡ್ಡೆಯ ಗಾತ್ರದಲ್ಲಿ ಎರಡು ಗುಂಪುಗಳ ನಡುವೆ ಖಚಿತವಾಗಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಕೂಡಿಸಿದ ಹಾರ್ಮೋನು ಮೂಳೆಯನ್ನು ಕಾಯುತ್ತದೆ, ಜೊತೆಗೆ ಗೆಡ್ಡೆಗೂ ತುಸು ಆಸರೆಯಾಗುತ್ತದೆ. ಈ ಮಾತ್ರೆ ತೆಗೆದುಕೊಂಡವರೊಬ್ಬರ ಸ್ಕ್ಯಾನನ್ನಷ್ಟೇ ನೋಡಿದ್ದರೆ ಔಷಧ ಸೋತಿತು ಎನ್ನಬೇಕಿತ್ತು. ಆಕೆಯನ್ನು ಕೇಳಿದ್ದರೆ ಬದುಕು ಮರಳಿತು ಎನ್ನುತ್ತಿದ್ದರೇನೋ.

ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಇನ್ನೊಂದು ಔಷಧ ಕಡಿಮೆ ಪ್ರಮಾಣದ ಮಿಫೆಪ್ರಿಸ್ಟೋನ್, ದಿನಕ್ಕೆ 10 ಅಥವಾ 25 ಮಿಲಿಗ್ರಾಂ, ಮೂರರಿಂದ ಆರು ತಿಂಗಳು. ಇದು ಪ್ರೊಜೆಸ್ಟೆರಾನ್ ಕೂರುವ ಜಾಗವನ್ನು ಆಕ್ರಮಿಸುತ್ತದೆ. 200 ಮಿಲಿಗ್ರಾಂ ಪ್ರಮಾಣದಲ್ಲಿ ಗರ್ಭಪಾತಕ್ಕೆ ಬಳಸುವ ಔಷಧವೇ ಇದು; ಗರ್ಭಿಣಿಯಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಶುರುಮಾಡುವಂತಿಲ್ಲ, ವೈದ್ಯರ ಚೀಟಿ ಇಲ್ಲದೆ ಕೊಳ್ಳುವಂತಿಲ್ಲ. ಮುಟ್ಟು ಬಹಳ ಜನರಲ್ಲಿ ನಿಂತೇ ಹೋಗುತ್ತದೆ. ಗೆಡ್ಡೆ ಅರ್ಧದ ಹತ್ತಿರ ಇಳಿಯಿತೆಂದು ಕೆಲವು ಅಧ್ಯಯನಗಳು ಹೇಳಿದರೆ, ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದ 2012ರ ಕೊಕ್ರೇನ್ ವಿಶ್ಲೇಷಣೆಗೆ ರಕ್ತಸ್ರಾವ ಇಳಿದದ್ದು, ಜೀವನದ ಗುಣಮಟ್ಟ ಏರಿದ್ದು ಕಂಡಿತು, ಗಾತ್ರ ಇಳಿದದ್ದು ಕಾಣಲಿಲ್ಲ.

ಇದೇ ಬಳಗದ ಯುಲಿಪ್ರಿಸ್ಟಲ್ ಕಥೆ ಎಚ್ಚರಿಕೆಯದು. 2012ರಲ್ಲಿ ಯುರೋಪಿನಲ್ಲಿ ಬಂದಾಗ ಅದರ ಪ್ರಯೋಗದಲ್ಲಿ ಶೇ 91 ಮಂದಿಯ ರಕ್ತಸ್ರಾವ ಹತೋಟಿಗೆ ಬಂದಿತ್ತು. ಆಮೇಲೆ ಕೆಲವರಲ್ಲಿ ಯಕೃತ್ತು ತೀವ್ರವಾಗಿ ಕೆಟ್ಟು, ಕಸಿ ಮಾಡುವವರೆಗೂ ಹೋಯಿತು. 2018ರಲ್ಲಿ ಯಕೃತ್ತಿನ ರಕ್ತಪರೀಕ್ಷೆ ಕಡ್ಡಾಯವಾಯಿತು, 2020ರ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ ತಡೆಹಿಡಿದರು, ಆ ವರ್ಷದ ಕೊನೆಗೆ ಬೇರೆ ದಾರಿ ಇಲ್ಲದವರಿಗೆ ಮಾತ್ರ ಎಂದು ಕಟ್ಟುನಿಟ್ಟು ಮಾಡಿದರು. ಗೆಡ್ಡೆಯ ಸ್ಕ್ಯಾನ್ ಎಷ್ಟೇ ಚೆನ್ನಾಗಿ ಬರಲಿ, ಔಷಧ ದೇಹದ ಉಳಿದ ಭಾಗಕ್ಕೆ ಏನು ಮಾಡುತ್ತಿದೆ ಎಂದು ನೋಡಲು ರಕ್ತಪರೀಕ್ಷೆಯೇ ಬೇಕು.

ಔಷಧದ ನಡುವೆ ಸ್ಕ್ಯಾನಿನಲ್ಲಿ ಕಾಣುವ ಕೆಲವು ಬದಲಾವಣೆಗಳು

ಮಿಫೆಪ್ರಿಸ್ಟೋನ್, ಯುಲಿಪ್ರಿಸ್ಟಲ್ ತೆಗೆದುಕೊಳ್ಳುವವರ ಗರ್ಭಕೋಶದ ಒಳಪೊರೆ ಸ್ಕ್ಯಾನಿನಲ್ಲಿ ದಪ್ಪಗೆ, ಸಣ್ಣ ಗುಳ್ಳೆಗಳಿಂದ ತುಂಬಿದಂತೆ ಕಾಣಬಹುದು. ಈ ಔಷಧಗಳಿಂದ ಆಗುವ ಈ ಬದಲಾವಣೆ ನಿರಪಾಯಕಾರಿ. ಔಷಧ ನಿಂತು ಮುಟ್ಟು ಮರಳಿದ ಮೇಲೆ ಸರಿಹೋಗುತ್ತದೆ. ಆದರೆ ನೀವು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಸ್ಕ್ಯಾನ್ ಮಾಡುವ ವೈದ್ಯರಿಗೂ, ಬಯಾಪ್ಸಿ ನೋಡುವವರಿಗೂ ಗೊತ್ತಿಲ್ಲದಿದ್ದರೆ ಅವರು ಇದನ್ನು ಕ್ಯಾನ್ಸರಿನ ಮುನ್ಸೂಚನೆಯೆಂದು ತಿಳಿಯಬಹುದು. ಸ್ಕ್ಯಾನಿಂಗ್ ಕೋಣೆಗೆ ಹೋಗುವಾಗ ಮಾತ್ರೆಯ ಚೀಟಿ ಕೈಯಲ್ಲಿರಲಿ. ಔಷಧ ನಿಲ್ಲಿಸಿದ ಮೇಲೂ ಒಳಪೊರೆ ದಪ್ಪವಾಗಿಯೇ ಉಳಿದರೆ ಮಾತ್ರ ಮುಂದಿನ ಪರೀಕ್ಷೆ ಬೇಕಾಗುತ್ತದೆ.

ರಕ್ತ ಸಿಗದೆ ಗೆಡ್ಡೆಯ ನಡುಭಾಗ ಸತ್ತು ಮೆತ್ತಗಾದರೆ ಸ್ಕ್ಯಾನಿನಲ್ಲಿ ನಡುವೆ ನೀರು ತುಂಬಿದ ಕಪ್ಪು ಪೊಟರೆಗಳು ಕಾಣುತ್ತವೆ. ಹಳೆಯ ಗೆಡ್ಡೆಯಲ್ಲಿ ಸುಣ್ಣ ಕಟ್ಟಿದರೆ ಬೆಳ್ಳಗೆ ಹೊಳೆಯುತ್ತದೆ. ಇವು ಸಾಮಾನ್ಯ. ಗಡಿ ಸ್ಪಷ್ಟವಿಲ್ಲದ, ಗೋಡೆಯೆಲ್ಲ ಊದಿದಂತಿರುವ ಗರ್ಭಕೋಶವನ್ನು ರಿಪೋರ್ಟಿನಲ್ಲಿ "ಬಲ್ಕಿ ಯುಟೆರಸ್" ಎಂದಷ್ಟೇ ಬರೆದು ಬಿಟ್ಟಿದ್ದರೆ ಅಡಿನೊಮಯೋಸಿಸ್ (ಒಳಪೊರೆಯ ಅಂಗಾಂಶ ಗೋಡೆಯ ಸ್ನಾಯುವಿನೊಳಗೆ ಬೆಳೆಯುವ ರೋಗ) ಇದೆಯೇ ಎಂದು ಕೇಳಬೇಕು. ಅದರಲ್ಲಿ ರಕ್ತನಾಳಗಳು ಸುತ್ತ ಬಳೆಯಂತೆ ಹರಿಯದೆ ಊತದೊಳಗಿಂದಲೇ ಹಾದುಹೋಗುತ್ತವೆ, ಸ್ನಾಯುವಿನಲ್ಲಿ ಪುಟ್ಟ ಗುಳ್ಳೆಗಳಿರುತ್ತವೆ. ಅದೇ ಬೇರೆ ರೋಗ, ಅದರ ಔಷಧದ ಲೆಕ್ಕವೂ ಬೇರೆ. ಗೊಂದಲ ಉಳಿದರೆ ಎಂಆರ್‌ಐ ಬಗೆಹರಿಸುತ್ತದೆ.

ಎಷ್ಟು ದಿನಕ್ಕೊಮ್ಮೆ ಸ್ಕ್ಯಾನ್? ಕುಗ್ಗಿಸುವ ಔಷಧಕ್ಕೆ ಮೊದಲು ಒಂದು, ಮೂರು ತಿಂಗಳಿಗೆ ಒಂದು, ಮುಂದುವರಿಸಿದರೆ ಆರು ತಿಂಗಳಿಗೆ ಮತ್ತೊಂದು, ನಿಲ್ಲಿಸಿದ ಮೂರರಿಂದ ಆರು ತಿಂಗಳಿಗೆ ಇನ್ನೊಂದು ಸಾಕಾಗುತ್ತದೆ. ತಿಂಗಳು ತಿಂಗಳೂ ಸ್ಕ್ಯಾನ್ ಮಾಡಿಸಿದರೆ ಹಣ ಹೋಗುತ್ತದೆ, ಅಳತೆಯ ಏರುಪೇರು ನೋಡಿ ಮನಸ್ಸು ಕೆಡುತ್ತದೆ, ಗೆಡ್ಡೆಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

"ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ"

ಈ ಮಾತನ್ನು ಕೇಳದ ಹೆಂಗಸರು ನಮ್ಮ ಊರುಗಳಲ್ಲಿ ಕಡಿಮೆ. ನೆಂಟರೂ ಹೇಳುತ್ತಾರೆ, ಕೆಲವೊಮ್ಮೆ ಆಸ್ಪತ್ರೆಯಲ್ಲೂ ಹೇಳುತ್ತಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಮುಟ್ಟು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನೇ ತೆಗೆದ ಸಂಗತಿ 2015ರ ಸುಮಾರಿಗೆ ಹೊರಬಂದಾಗ ರಾಜ್ಯದಲ್ಲಿ ಹೋರಾಟವೇ ನಡೆಯಿತು. ಸ್ಕ್ಯಾನಿಂಗ್ ಕಾಗದ ತೋರಿಸಿ ಹೆದರಿಸುವುದು ಎಷ್ಟು ಸುಲಭವೆಂದು ಅದು ಕಲಿಸಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ದೂರುಗಳ ಮೇಲೆ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಆಪರೇಷನ್ ನಿಜಕ್ಕೂ ಬೇಕಾಗುವವರಿದ್ದಾರೆ. ಅವರಿಗೆ ಅದು ದೊಡ್ಡ ಬಿಡುಗಡೆ. ಔಷಧ ಕೊಟ್ಟರೂ ರಕ್ತ ನಿಲ್ಲದವರು, ಗೆಡ್ಡೆ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡ ಊದಿದವರು, ಗೆಡ್ಡೆ ಒಳಪೊಳ್ಳನ್ನು ಕೆಡಿಸಿ ಮಗು ನಿಲ್ಲದವರು. ಕೊನೆಯವರಿಗೆ ಬೇಕಾದದ್ದು ಗೆಡ್ಡೆಯನ್ನಷ್ಟೇ ತೆಗೆಯುವ ಮಯೋಮೆಕ್ಟಮಿ. ಮಗು ಬೇಕೆನ್ನುವವರು ಗೆಡ್ಡೆ ಕುಗ್ಗಿಸುವ ಮಾತ್ರೆಗಳ ಮೇಲೆ ಕಾಲ ಕಳೆಯುವುದೂ ಸರಿಯಲ್ಲ, ಆ ಅವಧಿಯಲ್ಲಿ ಗರ್ಭ ಧರಿಸುವಂತಿಲ್ಲ.

ನಲವತ್ತೇಳು ನಲವತ್ತೆಂಟರ ಹೆಂಗಸಿಗೆ ಲೆಕ್ಕ ಬೇರೆ. ಮುಟ್ಟು ನಿಲ್ಲುವ ಕಾಲ ಹತ್ತಿರವಿದೆ. ಅಲ್ಲಿಯವರೆಗೆ ರಕ್ತಸ್ರಾವವನ್ನು ಹಿಡಿದಿಟ್ಟು ಕಬ್ಬಿಣ ತುಂಬಿಸಿಕೊಂಡರೆ ಗೆಡ್ಡೆ ಎಷ್ಟೋ ಜನರಲ್ಲಿ ತಾನೇ ಕುಗ್ಗುತ್ತದೆ. ಆದರೆ ಮುಟ್ಟು ನಿಂತು ವರ್ಷ ಕಳೆದ ಮೇಲೆ ಗೆಡ್ಡೆ ಬೆಳೆಯುತ್ತಿದ್ದರೆ, ಕುಗ್ಗಿಸುವ ಇಂಜೆಕ್ಷನ್ ನಡೆಯುತ್ತಿರುವಾಗಲೇ ಅದೇ ಸೆಂಟರಿನ ಅದೇ ಅಳತೆಯಲ್ಲಿ ಏರುತ್ತಿದ್ದರೆ, ಮುಟ್ಟು ನಿಂತ ಬಳಿಕ ಮತ್ತೆ ರಕ್ತ ಕಂಡರೆ ಕಾಯಬಾರದು. ಗೆಡ್ಡೆಯ ರೂಪದಲ್ಲಿ ಸಾರ್ಕೋಮಾ ಎಂಬ ಕ್ಯಾನ್ಸರ್ ಇರುವುದು ಬಹಳ ಅಪರೂಪ. ಆದರೂ ಇಂಥ ಸಂದರ್ಭದಲ್ಲಿ ಮಾತ್ರೆ ಬದಲಿಸಿ ಇನ್ನೂ ಮೂರು ತಿಂಗಳು ನೋಡೋಣ ಎನ್ನುವುದಲ್ಲ; ಅದೇ ವಾರ ಸ್ತ್ರೀರೋಗ ತಜ್ಞರನ್ನು ಕಂಡು, ಎಂಆರ್‌ಐ ಬೇಕೇ, ಒಳಪೊರೆಯ ಬಯಾಪ್ಸಿ ಬೇಕೇ ಎಂದು ಕೇಳಿ, ಹಳೆಯ ಸ್ಕ್ಯಾನ್ ರಿಪೋರ್ಟುಗಳನ್ನೆಲ್ಲ ದಿನಾಂಕದ ಸಾಲಿನಲ್ಲಿ ಅವರ ಮುಂದಿಡಬೇಕು.